ರೇಂಜ್ ಎಕ್ಸ್‌ಟೆಂಡರ್: ಚಕ್ರ ಮುಟ್ಟದ ಎಂಜಿನ್

ಮದುವೆ ಊಟದ ಪಂಕ್ತಿಯಲ್ಲಿ ಪಕ್ಕ ಕೂತವರು ತಮ್ಮ ಹೊಸ ಹೈಬ್ರಿಡ್ ಇನ್ನೋವಾ ಬಗ್ಗೆ ಹೇಳುತ್ತಾ "ಇದು ರೇಂಜ್ ಎಕ್ಸ್‌ಟೆಂಡರ್ ಗಾಡಿ ಸಾರ್" ಅಂದರು. ಬಾಯಲ್ಲಿ ಹೋಳಿಗೆ ಇತ್ತು, ಸುಮ್ಮನಾದೆ. ಆಮೇಲೆ ಒಂದು ವಿಡಿಯೊದಲ್ಲಿ ಸ್ಕೂಟರಿನ ಸೀಟಿನಡಿ ಇಡುವ ಎರಡನೇ ಬ್ಯಾಟರಿಗೂ ಅದೇ ಹೆಸರು. ಅದಾದ ಮೇಲೆ ಎಲ್ಲೋ "ವ್ಯಾಪ್ತಿ ವಿಸ್ತಾರಕ ಕಾರು" ಅಂತ ಓದಿದೆ. ಇನ್ನು ಸುಮ್ನಿರೋಕೆ ಆಗಲ್ಲ. ರೇಂಜ್ ಎಕ್ಸ್‌ಟೆಂಡರ್ ಅಂದರೆ ಬ್ಯಾಟರಿ ಕಾರಿನಲ್ಲಿ ಚಾರ್ಜ್ ಮುಗಿಯುತ್ತಾ ಬಂದಾಗ ಕರೆಂಟ್ ಮಾಡಿಕೊಡುವ ಪುಟ್ಟ ಎಂಜಿನ್.

ಮೊದಲು ಆ "ವ್ಯಾಪ್ತಿ"ಯನ್ನು ವಿಚಾರಿಸಿಕೊಳ್ಳೋಣ. ವ್ಯಾಪ್ತಿ ಅಂದರೆ ಹರಡಿಕೊಂಡಿರುವ ಜಾಗ. ಪೊಲೀಸ್ ಠಾಣೆಗೆ ವ್ಯಾಪ್ತಿ ಇರುತ್ತದೆ, ನಗರಪಾಲಿಕೆಗೆ ಇರುತ್ತದೆ. "ನಿಮ್ಮ ಕಾರಿನ ವ್ಯಾಪ್ತಿ ಎಷ್ಟು?" ಅಂತ ಕೇಳಿದರೆ ದೂರು ಕೊಡೋಕೆ ಬಂದವರು ಕೇಳಿದ ಹಾಗಿರುತ್ತದೆ. ಇನ್ನೊಂದು ಕಡೆ ಜನ ಬಾಯಿಮಾತಿನಲ್ಲಿ "ಮೈಲೇಜ್ ಎಷ್ಟು ಕೊಡುತ್ತೆ?" ಅನ್ನುತ್ತಾರೆ. ಅದೂ ಬೇರೆಯೇ. ಮೈಲೇಜ್ ಅಂದರೆ ಒಂದು ಲೀಟರಿಗೆ ಅಥವಾ ಒಂದು ಯೂನಿಟ್ಟಿಗೆ ಎಷ್ಟು ಓಡುತ್ತದೆ ಅನ್ನುವುದು. ರೇಂಜ್ ಅಂದರೆ ತುಂಬಿಸಿಕೊಂಡು ಹೊರಟರೆ ಖಾಲಿಯಾಗುವಷ್ಟರಲ್ಲಿ ಎಲ್ಲಿಗೆ ಮುಟ್ಟುತ್ತೀರಿ ಅನ್ನುವುದು. ಒಳ್ಳೆ ಮೈಲೇಜಿನ ಗಾಡಿಗೆ ಸಣ್ಣ ಬ್ಯಾಟರಿ ಇಟ್ಟರೆ ರೇಂಜ್ ಕಮ್ಮಿ, ಅಷ್ಟೇ.

ಇಂಗ್ಲಿಷಿನಲ್ಲೂ ರೇಂಜ್ ಪದ ಹುಟ್ಟಿದಾಗಲೇ ದೂರ ಅಳೆಯುತ್ತಿರಲಿಲ್ಲ. ಹಳೆಯ ಫ್ರೆಂಚಿನಿಂದ ಬಂದ ಪದ ಅದು, ಅಲ್ಲಿ ಅದರ ಅರ್ಥ ಸಾಲು. ಬೆಟ್ಟದ ಸಾಲಿಗೆ ಇವತ್ತಿಗೂ ರೇಂಜ್ ಅನ್ನುವುದು ಅದಕ್ಕೇ. ಆಮೇಲೆ ಸುತ್ತಾಡು, ಅಲೆ ಅನ್ನುವ ಅರ್ಥವೂ ಸೇರಿಕೊಂಡಿತು. ಕಾಡು ಸುತ್ತುವವನು ರೇಂಜರ್ ಆದ. ನಮ್ಮ ಅರಣ್ಯ ಇಲಾಖೆಯ ರೇಂಜರ್ ಸಾಹೇಬರ ಹೆಸರಿನ ಮೂಲ ಅಲ್ಲಿದೆ. ಬಂದೂಕು ಬಂದ ಮೇಲೆ ಗುಂಡು ಎಷ್ಟು ದೂರ ಹಾರುತ್ತದೋ ಅದು ರೇಂಜ್. ನಂತರ ವಿಮಾನ, ರೇಡಿಯೊ, ಈಗ ಕಾರು. ನಡುವೆ ಎಲ್ಲೋ ಅಡುಗೆಮನೆಯ ದೊಡ್ಡ ಒಲೆಗೂ ಅದೇ ಹೆಸರು ಅಂಟಿಕೊಂಡಿತು. ಕನ್ನಡಕ್ಕೆ ಬಂದ ಮೇಲಂತೂ "ಅವನ ರೇಂಜೇ ಬೇರೆ ಬಿಡಪ್ಪ" ಅನ್ನುವವರೆಗೂ ಏರಿದೆ.

ನಮ್ಮಲ್ಲಿ ಇದಕ್ಕೆ ಸರಿಸಮ ಪದ ಇಲ್ಲ ಅನ್ನುವವರು "ಕೂಗಳತೆ" ಕೇಳಿಲ್ಲವೇನೋ. ಕೂಗಿದರೆ ಎಲ್ಲಿವರೆಗೆ ಕೇಳಿಸುತ್ತದೋ ಅಷ್ಟು ದೂರ. ದನಿಯ ರೇಂಜ್ ಅಂದರೆ ಅದೇ ಅಲ್ವಾ? ಆ ಲೆಕ್ಕದಲ್ಲಿ ಕಾರಿಗೆ "ಚಾರ್ಜಳತೆ" ಅನ್ನಬಹುದು. ಯಾರೂ ಬಳಸಲ್ಲ ಅಂತ ಗೊತ್ತು. ಆದರೂ ವ್ಯಾಪ್ತಿಗಿಂತ ವಾಸಿ.

ಇನ್ನು ಎಕ್ಸ್‌ಟೆಂಡ್. ಲ್ಯಾಟಿನ್ನಿನ "ಟೆಂಡೆರೆ" ಅಂದರೆ ಎಳೆದು ಹಿಗ್ಗಿಸು. ಸಂಸ್ಕೃತದ "ತನ್" ಧಾತುವೂ ಅದೇ ಬೇರಿನದು. ತಂತು, ತಂತಿ ಎಲ್ಲ ಅದರ ಮಕ್ಕಳು. ಹಾಗಾಗಿ ವೀಣೆಯ ತಂತಿಗೂ ಕಾರಿನ ಎಕ್ಸ್‌ಟೆಂಡರಿಗೂ ದೂರದ ನೆಂಟಸ್ತಿಕೆ ಇದೆ. ಇದನ್ನೆಲ್ಲ ಯಾಕೆ ಕೊರೆಯುತ್ತಿದ್ದೇನೆ ಅಂದರೆ, ಹಿಗ್ಗಿಸಬೇಕಾದರೆ ಮೊದಲೇ ಒಂದು ಎಳೆ ಇರಬೇಕು. ಬ್ಯಾಟರಿಯ ಓಟ ಆ ಎಳೆ. ಎಂಜಿನ್ ಅದನ್ನು ಇನ್ನಷ್ಟು ಎಳೆಯುತ್ತದೆ. ಎಂಜಿನ್ನೇ ಮುಖ್ಯವಾಗಿ ಓಡಿಸುವ ಗಾಡಿಯಲ್ಲಿ ಯಾವುದನ್ನು ಯಾವುದು ಹಿಗ್ಗಿಸಿತು?

ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಇದು ಒಂದೇ ಮಾತಿನಲ್ಲಿ ಅರ್ಥವಾಗಬೇಕು. ಕರೆಂಟ್ ಹೋದಾಗ ಕೆಳಗೆ ಜನರೇಟರ್ ಗುರ್ ಅನ್ನುತ್ತದೆ. ಅದರಿಂದ ಲಿಫ್ಟ್ ಮೇಲೇರುತ್ತದೆ. ಆದರೆ ಜನರೇಟರಿನ ಶಾಫ್ಟಿಗೆ ಲಿಫ್ಟಿನ ಹಗ್ಗ ಕಟ್ಟಿರುವುದಿಲ್ಲ. ಎಳೆಯುವುದು ಯಾವತ್ತಿದ್ದರೂ ಮೋಟಾರೇ. ರೇಂಜ್ ಎಕ್ಸ್‌ಟೆಂಡರ್ ಕಾರಿನ ಎಂಜಿನ್ನೂ ಹಾಗೇ. ಕರೆಂಟ್ ಮಾಡುತ್ತದೆ, ಚಕ್ರ ಮುಟ್ಟುವುದಿಲ್ಲ. ಅದೂ ಬ್ಯಾಟರಿ ತಳ ಕಂಡ ಮೇಲೆ.

ಈ ಪದದ ಅರ್ಥಕ್ಕೆ ಅತಿ ಹತ್ತಿರ ನಿಂತ ಕಾರು ಬಿಎಂಡಬ್ಲ್ಯು ಐ3. 2013ರಿಂದ 2022ರವರೆಗೆ ಜರ್ಮನಿಯ ಲೈಪ್‌ಜಿಗ್‌ನಲ್ಲಿ ತಯಾರಾಯಿತು. ಬರೀ ಬ್ಯಾಟರಿಯದ್ದೊಂದು, ಎಂಜಿನ್ ಜೋಡಿಸಿದ್ದು ಇನ್ನೊಂದು. ಆ ಎಂಜಿನ್ 647 ಸಿಸಿಯ ಎರಡು ಸಿಲಿಂಡರಿನದು, ಅದೇ ಕಂಪನಿಯ ದೊಡ್ಡ ಸ್ಕೂಟರಿನಿಂದ ಬಂದದ್ದು. ಮೊದಲ ಮಾದರಿಯ ಉದ್ದ 3999 ಮಿಲಿಮೀಟರ್. ಸಣ್ಣ ಕಾರಿಗೆ ತೆರಿಗೆ ಇಳಿಸಲು ನಮ್ಮಲ್ಲಿ ಎಳೆದಿರುವ ನಾಲ್ಕು ಮೀಟರ್ ಗೆರೆಗೆ ಒಂದೇ ಮಿಲಿಮೀಟರ್ ಕಮ್ಮಿ, ಅದು ನಮಗೋಸ್ಕರ ಅಲ್ಲದಿದ್ದರೂ.

ಅಮೆರಿಕದ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿರುವ ನಮ್ಮ ಭಾವ ಇದನ್ನು ಸೆಕೆಂಡ್‌ಹ್ಯಾಂಡ್ ತಗೊಂಡಿದ್ದರು. ಅಲ್ಲಿಗೆ ಹೋದಾಗ ಒಂದು ವಾರ ಓಡಿಸಿದೆ. "ಬ್ರೇಕ್ ಒಂದು ಇದೆ ಅನ್ನೋದನ್ನೇ ಮರೆತುಬಿಡು" ಅಂದರು. ನಿಜ. ಆಕ್ಸಿಲರೇಟರಿನಿಂದ ಕಾಲು ಎತ್ತಿದರೆ ಸಾಕು, ಮೋಟಾರ್ ತಿರುಗುಮುರುಗಾಗಿ ಕರೆಂಟ್ ಮಾಡಲು ಶುರು ಮಾಡಿ ಗಾಡಿಯನ್ನು ಹಿಡಿದು ನಿಲ್ಲಿಸುತ್ತದೆ. ಮೊದಲ ಸಿಗ್ನಲ್ಲಿನಲ್ಲಿ ಗೆರೆಗಿಂತ ಮೂರು ಮಾರು ಹಿಂದೆಯೇ ನಿಂತೆ. ಎರಡನೇ ದಿನಕ್ಕೆ ಕಾಲಿಗೆ ಅಭ್ಯಾಸವಾಯಿತು. ಹಿಂದಿನ ಚಕ್ರಗಳನ್ನು ತಿರುಗಿಸುವ 125 ಕಿಲೋವ್ಯಾಟಿನ ಮೋಟಾರ್ ಇದೆ, ಎಂಜಿನ್ ಹೊತ್ತುಕೊಂಡೂ ನಿಂತಲ್ಲಿಂದ ನೂರಕ್ಕೆ ಎಂಟು ಸೆಕೆಂಡು ಬೇಡ. ಮುಂದಿನ ಟೈರು ಮಾತ್ರ 155 ಮಿಲಿಮೀಟರ್ ಅಗಲ, ಎತ್ತರ ಜಾಸ್ತಿ. ನೋಡೋಕೆ ಎತ್ತಿನಗಾಡಿಯ ಚಕ್ರ. ಹತ್ತು ಮೀಟರಿನೊಳಗೆ ತಿರುಗಿಕೊಳ್ಳುತ್ತದೆ. ನಮ್ಮ ಮಲ್ಲೇಶ್ವರದ ಅಡ್ಡರಸ್ತೆಗೆ ಹೇಳಿ ಮಾಡಿಸಿದ ಹಾಗೆ.

ಎಂಜಿನ್ ಶುರುವಾದದ್ದು ಮೂರನೇ ದಿನ, ಹೈವೇಯಲ್ಲಿ. ವೇಗದಲ್ಲಿ ಏನೂ ವ್ಯತ್ಯಾಸ ಇಲ್ಲ, ಕಾಲಿಗೆ ಗೊತ್ತಾಗಲ್ಲ. ಹಿಂದೆ ಯಾರೋ ಸ್ಕೂಟರಿನಲ್ಲಿ ಅಟ್ಟಿಸಿಕೊಂಡು ಬರುತ್ತಿದ್ದಾರೆ ಅನ್ನಿಸಿ ಕನ್ನಡಿ ನೋಡಿದೆ. ಭಾವ ನಕ್ಕರು. ನಾನು ಕಾಲು ಒತ್ತಿದಾಗ ಆ ಸದ್ದು ಏರಲಿಲ್ಲ, ಬಿಟ್ಟಾಗ ಇಳಿಯಲಿಲ್ಲ. ತನ್ನದೇ ಲೆಕ್ಕದಲ್ಲಿ ಗುರುಗುಟ್ಟುತ್ತಿತ್ತು. ಪುಸ್ತಕದಲ್ಲಿ ಓದಿದ ಅರ್ಥ ಕಿವಿಗೆ ಬಿದ್ದದ್ದು ಅವತ್ತೇ.

ಜನರೇಟರಿನ ಹೋಲಿಕೆ ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಹೋಗುತ್ತದೆ. "ಜನರೇಟರ್ ಓಡುವಾಗ ಗೀಸರ್ ಹಾಕಬೇಡಿ" ಅಂತ ಅಪಾರ್ಟ್‌ಮೆಂಟಿನಲ್ಲಿ ಬೋರ್ಡ್ ಇರುತ್ತದಲ್ಲ, ಇಲ್ಲೂ ಅದೇ ಕಥೆ. ಮೋಟಾರ್ 125 ಕಿಲೋವ್ಯಾಟ್ ಕೇಳಬಹುದು, ಎಂಜಿನ್ ಕೊಡುವುದು 28. ಸಮತಟ್ಟು ರಸ್ತೆಗೆ ಧಾರಾಳ ಸಾಕು. ಬ್ಯಾಟರಿ ತಳ ಕಂಡಿರುವಾಗ ಉದ್ದನೆಯ ಘಾಟಿ ಹತ್ತಲು ಹೊರಟರೆ, ಅದು ಗೀಸರ್ ಹಾಕಿದ ಹಾಗೆ. ವೇಗ ಬೀಳುತ್ತದೆ. ಯುರೋಪಿನ ಮಾದರಿಯಲ್ಲಿ ಇದಕ್ಕೆ ದಾರಿ ಇತ್ತು, ಬ್ಯಾಟರಿ ಮುಕ್ಕಾಲಿಗಿಂತ ಕೆಳಗಿಳಿದ ಮೇಲೆ ಬೇಕೆಂದಾಗ ಎಂಜಿನ್ ಹಾಕಿ ಚಾರ್ಜ್ ಉಳಿಸಿಕೊಳ್ಳಬಹುದಿತ್ತು. ಅಮೆರಿಕದ ಮಾದರಿಯಲ್ಲಿ ಆ ಗುಂಡಿಯೇ ಇರಲಿಲ್ಲ. ಕಾರಣ ಕ್ಯಾಲಿಫೋರ್ನಿಯಾದ ನಿಯಮ. ಬ್ಯಾಟರಿ ಹೆಚ್ಚುಕಮ್ಮಿ ಖಾಲಿಯಾಗುವವರೆಗೆ ಎಂಜಿನ್ ಶುರುವಾಗಬಾರದು, ಪೆಟ್ರೋಲಿನ ಓಟ ಬ್ಯಾಟರಿಯ ಓಟಕ್ಕಿಂತ ಜಾಸ್ತಿ ಇರಬಾರದು. ಹಾಗಿದ್ದರೆ ಮಾತ್ರ ವಿದ್ಯುತ್ ಕಾರಿನ ಸಾಲಿನಲ್ಲಿ ಜಾಗ. ಅದಕ್ಕೇ 9 ಲೀಟರಿನ ಟ್ಯಾಂಕನ್ನು ಸಾಫ್ಟ್‌ವೇರಿನಿಂದ ಸುಮಾರು 7 ಲೀಟರಿಗೆ ಇಳಿಸಿದ್ದರು. ಓಡಿಸುವವರಿಗೆ ಕಿರಿಕಿರಿ, ಒಪ್ಪುತ್ತೇನೆ. ಆದರೆ ಪದದ ಅರ್ಥವನ್ನು ಇಷ್ಟು ಚೊಕ್ಕವಾಗಿ ಕಾನೂನಿಗೆ ಇಳಿಸಿದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ.

ದಿನಬಳಕೆಗೆ ಹೇಗೆ ಅಂತ ಕೇಳುವವರಿಗೆ: ನಾಲ್ಕೇ ಸೀಟು. ಡಿಕ್ಕಿ 260 ಲೀಟರ್, ಇಬ್ಬರ ಸೂಟ್‌ಕೇಸಿಗೆ ಸಾಕು, ಊರಿನಿಂದ ತರುವ ತೆಂಗಿನಕಾಯಿ ಮೂಟೆಗೆ ಸಾಲದು. ಹಿಂದಿನ ಬಾಗಿಲು ಉಲ್ಟಾ ತೆರೆಯುತ್ತದೆ, ಮುಂದಿನ ಬಾಗಿಲು ತೆರೆದ ಮೇಲಷ್ಟೇ. ಹಿಂದೆ ಕೂತ ಅತ್ತೆ ಇಳಿಯಬೇಕಾದರೆ ಮುಂದೆ ಕೂತವರು ಬೆಲ್ಟ್ ಬಿಚ್ಚಬೇಕು. ಎಂಜಿನ್ ಇರುವ ಮೊದಲ ಮಾದರಿ, ಬರೀ ಬ್ಯಾಟರಿಯಲ್ಲಿ, ಅಮೆರಿಕದ ಸರ್ಕಾರಿ ಲೆಕ್ಕದ ಪ್ರಕಾರ 72 ಮೈಲಿ ಓಡುತ್ತದೆ, ಅಂದರೆ 116 ಕಿ.ಮೀ. ಪೆಟ್ರೋಲಿಗೆ ಬಂದರೆ ಲೀಟರಿಗೆ 16-17. ನಮ್ಮ ಸಾದಾ ಪೆಟ್ರೋಲ್ ಕಾರುಗಳೇ ಇದಕ್ಕಿಂತ ಜಾಸ್ತಿ ಕೊಡುತ್ತವೆ, ಹಾಗಾಗಿ ದಿನಾ ಪೆಟ್ರೋಲಿನಲ್ಲೇ ಓಡಿಸುವವರು ಇದನ್ನು ಕೊಳ್ಳಬಾರದು. ಒಂದು ವಿಷಯ ಮಾತ್ರ ಬಿಡೋಕೆ ಮನಸ್ಸಿಲ್ಲ. ಬಾಗಿಲಿನ ಒಳಮೈಯನ್ನು ಕೆನಾಫ್ ನಾರಿನಿಂದ ಮಾಡಿದ್ದಾರೆ. ಕೆನಾಫ್ ಅಂದರೆ ಉತ್ತರ ಕರ್ನಾಟಕದ ಪುಂಡಿ. ರೊಟ್ಟಿ ಜೊತೆ ಪುಂಡಿಪಲ್ಯ ತಿಂದವರು ಆ ಬಾಗಿಲನ್ನು ಒಮ್ಮೆ ಸವರಿ ನೋಡಬೇಕು.

ಮದುವೆ ಮನೆಯವರ ಇನ್ನೋವಾಕ್ಕೆ ಬರೋಣ. ಬಿಡದಿಯಲ್ಲಿ ತಯಾರಾಗುವ ಆ ಹೈಕ್ರಾಸ್ ಒಳ್ಳೆಯ ಹೈಬ್ರಿಡ್. ಅದರಲ್ಲಿ ಎಂಜಿನ್ನೂ ಚಕ್ರ ತಿರುಗಿಸುತ್ತದೆ, ಮೋಟಾರೂ ತಿರುಗಿಸುತ್ತದೆ, ಚಾರ್ಜರ್ ಚುಚ್ಚಲು ಜಾಗವೇ ಇಲ್ಲ. ನಿಸ್ಸಾನ್ 2016ರಲ್ಲಿ ಜಪಾನಿನಲ್ಲಿ ತಂದ ಇ-ಪವರ್ ವ್ಯವಸ್ಥೆ ಇನ್ನೂ ಹೆಚ್ಚು ಮೋಸಗೊಳಿಸುತ್ತದೆ. ಅಲ್ಲಿ ಎಂಜಿನ್ ಚಕ್ರ ಮುಟ್ಟುವುದೇ ಇಲ್ಲ. ಆದರೆ ಪ್ಲಗ್ ಇಲ್ಲ, ಬ್ಯಾಟರಿ ಪುಟಾಣಿ, ಎಲ್ಲ ಶಕ್ತಿಯೂ ಪೆಟ್ರೋಲಿನದೇ. ನಮ್ಮ ಡೀಸೆಲ್ ರೈಲು ಎಂಜಿನ್ನಿನ ಜಾತಿ ಅದು. ಷೆವರ್ಲೆ ವೋಲ್ಟ್ ಕಾರು ಇದೇ ಬಗೆಯದು ಅಂತ ಹೇಳಿಕೊಂಡು 2010ರಲ್ಲಿ ಬಂದಾಗ, ಕೆಲವು ಹೊತ್ತಿನಲ್ಲಿ ಎಂಜಿನ್ನಿನ ಬಲ ಚಕ್ರಕ್ಕೂ ಹೋಗುತ್ತದೆ ಅಂತ ಗೊತ್ತಾಗಿ ಅಮೆರಿಕದ ಕಾರು ಪತ್ರಕರ್ತರು ದೊಡ್ಡ ರಂಪ ಮಾಡಿದ್ದರು. ಆ ಕಾಲದಲ್ಲಿ ಪದಕ್ಕೆ ಅಷ್ಟು ಬೆಲೆ ಇತ್ತು. 2023ರ ಮಾಜ್ದಾ ಎಂಎಕ್ಸ್-30 ಆರ್-ಇವಿ ಎಂಜಿನ್ ವಿಚಾರದಲ್ಲಿ ಶುದ್ಧ, 830 ಸಿಸಿಯ ರೋಟರಿ (ಪಿಸ್ಟನ್ ಇಲ್ಲದ ಬಗೆಯದು), ಬರೀ ಜನರೇಟರ್. ಆದರೆ 17.8 ಯೂನಿಟ್ಟಿನ ಬ್ಯಾಟರಿಗೆ 50 ಲೀಟರ್ ಟ್ಯಾಂಕ್. ಎಳೆಗಿಂತ ಎಳೆತವೇ ದೊಡ್ಡದು.

ಎರಡನೇ ಬ್ಯಾಟರಿಗೆ ಈ ಹೆಸರು ಹೇಳುವವರದು ಪದಶಃ ತಪ್ಪಲ್ಲ, ಓಟ ಹಿಗ್ಗುತ್ತದೆ ತಾನೇ. ಆದರೆ ದೊಡ್ಡ ಡಬ್ಬಿಗೆ ಹೊಸ ಹೆಸರು ಯಾಕೆ? ಬೆಂಗಳೂರಿನ ರೇವಾ ಕಂಪನಿ 2009ರಲ್ಲಿ ಫ್ರಾಂಕ್‌ಫರ್ಟ್ ಕಾರು ಮೇಳದಲ್ಲಿ "ರಿವೈವ್" ಅಂತ ಒಂದನ್ನು ತೋರಿಸಿತ್ತು. ದಾರಿಯಲ್ಲಿ ಚಾರ್ಜ್ ಮುಗಿದರೆ ಫೋನ್ ಅಥವಾ ಎಸ್ಸೆಮ್ಮೆಸ್ ಮಾಡಬೇಕು, ಅವರು ದೂರದಿಂದಲೇ ಬ್ಯಾಟರಿಯಲ್ಲಿ ಬಚ್ಚಿಟ್ಟಿದ್ದ ಚೂರು ಚಾರ್ಜನ್ನು ಬಿಟ್ಟುಕೊಡುತ್ತಾರೆ. ಅದನ್ನೂ ಕೆಲವರು ರೇಂಜ್ ಎಕ್ಸ್‌ಟೆಂಡರ್ ಅನ್ನುತ್ತಾರೆ. ಅದಕ್ಕೆ ಕನ್ನಡದಲ್ಲಿ ಹಳೆಯ ಹೆಸರೇ ಇದೆ: ಸಾಸಿವೆ ಡಬ್ಬಿಯ ದುಡ್ಡು.