ಗಾಳಿಯಲ್ಲಿ ನಿಂತು ಚೆಂಡು ಬಿಟ್ಟ ಜೋ ಫುಲ್ಕ್ಸ್

1946ರಲ್ಲಿ ಅಮೆರಿಕದಲ್ಲಿ ಹೊಸ ವೃತ್ತಿಪರ ಬಾಸ್ಕೆಟ್‌ಬಾಲ್ ಲೀಗ್ ಶುರುವಾಯಿತು. ಮುಂದೆ ಅದೇ ಎನ್‌ಬಿಎ ಆಯಿತು. ಆಗ ಹೆಚ್ಚಿನವರು ಎರಡೂ ಪಾದ ನೆಲಕ್ಕೆ ಊರಿಯೇ ದೂರದಿಂದ ಚೆಂಡು ಎಸೆಯುತ್ತಿದ್ದರು, ಇದಕ್ಕೆ ಸೆಟ್ ಶಾಟ್ ಅಂತ ಹೆಸರು. ಒಂದು ತಂಡ ಇಡೀ ಪಂದ್ಯದಲ್ಲಿ ಸರಾಸರಿ 68 ಪಾಯಿಂಟ್ ಮಾಡುತ್ತಿದ್ದ ಕಾಲ. ಅಂಥದ್ದರಲ್ಲಿ ಫಿಲಡೆಲ್ಫಿಯಾ ವಾರಿಯರ್ಸ್‌ನ ಫಾರ್ವರ್ಡ್ ಜೋ ಫುಲ್ಕ್ಸ್ ಒಬ್ಬರೇ ಪಂದ್ಯಕ್ಕೆ 23.2 ಪಾಯಿಂಟ್ ಹೊಡೆದರು. ಎರಡನೇ ಸ್ಥಾನದವರ ಸರಾಸರಿ ಬರೀ 16.8.

ಫುಲ್ಕ್ಸ್ ಹುಟ್ಟಿದ್ದು 1921ರಲ್ಲಿ, ಕೆಂಟಕಿಯ ಬರ್ಮಿಂಗ್‌ಹ್ಯಾಮ್ ಎಂಬ ಸಣ್ಣ ಊರಲ್ಲಿ. ಅಣೆಕಟ್ಟು ಬಂದ ಮೇಲೆ ಆ ಊರೇ ನೀರಲ್ಲಿ ಮುಳುಗಿಹೋಯಿತು. ಎರಡನೇ ಮಹಾಯುದ್ಧದಲ್ಲಿ ಮರೀನ್ ಪಡೆಯಲ್ಲಿದ್ದು ಬಂದವರು. ಎತ್ತರ ಆರೂವರೆ ಅಡಿಗೆ ಒಂದಿಂಚು ಕಮ್ಮಿ.

ಅವರ ಅಸ್ತ್ರ ಜಂಪ್ ಶಾಟ್, ಅಂದರೆ ಎಗರಿ ಗಾಳಿಯಲ್ಲಿರುವಾಗಲೇ ಚೆಂಡು ಎಸೆಯೋದು. ಅದನ್ನು ಮೊದಲು ಆಡಿದವರು ಅವರೊಬ್ಬರೇ ಅಲ್ಲ, ಕೆನ್ನಿ ಸೇಯ್ಲರ್ಸ್ ಥರದವರೂ ಆಗಲೇ ಆಡುತ್ತಿದ್ದರು. ಆದರೆ ಇದರಿಂದ ಲೀಗನ್ನೇ ಗೆಲ್ಲಬಹುದು ಅಂತ ತೋರಿಸಿದ್ದು ಫುಲ್ಕ್ಸ್ ಅಂತ ನನಗನಿಸುತ್ತದೆ.

ಇಲ್ಲಿ ಸ್ವಲ್ಪ ನಿಧಾನಿಸಿ. ಒಬ್ಬ ಆಟಗಾರ 60 ಸೆಂಟಿಮೀಟರ್ ಎಗರಿದ ಅಂದುಕೊಳ್ಳಿ. ಮೇಲೆ ಹೋಗಿ ಕೆಳಗೆ ಬರೋಕೆ ಸುಮಾರು 0.7 ಸೆಕೆಂಡು ಸಾಕು. ಮೇಲೇರುತ್ತಾ ವೇಗ ಕಮ್ಮಿಯಾಗುತ್ತದೆ, ತುದಿಯಲ್ಲಿ ಸೊನ್ನೆ, ಆಮೇಲೆ ಮೆಲ್ಲಗೆ ಇಳಿಯೋಕೆ ಶುರು. ಹಾಗಾಗಿ ಆ 0.7 ಸೆಕೆಂಡಿನಲ್ಲಿ ಅರ್ಧದಷ್ಟು ಸಮಯ ಅವನು ಮೇಲಿನ 15 ಸೆಂಟಿಮೀಟರ್‌ನಲ್ಲೇ ಇರುತ್ತಾನೆ! ನೋಡುವವರಿಗೆ ಗಾಳಿಯಲ್ಲಿ ನಿಂತ ಹಾಗೆ ಕಾಣೋದು ಇದಕ್ಕೇ. ಚೆಂಡು ಬಿಡೋದೂ ಅಲ್ಲೇ, ಮೈ ಹೆಚ್ಚುಕಮ್ಮಿ ಸ್ಥಿರವಾಗಿರುವಾಗ. ಎದುರಿನ ಡಿಫೆಂಡರ್ ಇವನು ಎಗರಿದ್ದು ನೋಡಿ ಎಗರಬೇಕು ಅಲ್ವಾ, ಅಷ್ಟರಲ್ಲಿ ಚೆಂಡು ಕೈ ಬಿಟ್ಟಿರುತ್ತದೆ.

ಇನ್ನೊಂದು ಲಾಭ ರಿಂಗಿನ ಹತ್ತಿರ ಗೊತ್ತಾಗುತ್ತದೆ. ರಿಂಗಿನ ಅಗಲ 45.7 ಸೆಂಟಿಮೀಟರ್, ಚೆಂಡಿನದು ಸುಮಾರು 24. ಚೆಂಡು 45 ಡಿಗ್ರಿಯಲ್ಲಿ ಇಳಿದರೆ ಅದಕ್ಕೆ ಸಿಗುವ ಬಾಯಿ 32 ಸೆಂಟಿಮೀಟರ್. 30 ಡಿಗ್ರಿಯಲ್ಲಿ ಚಪ್ಪಟೆಯಾಗಿ ಬಂದರೆ ಬರೀ 23, ಅಂದರೆ ರಿಂಗಿಗೆ ತಾಗದೆ ಒಳಗೆ ಹೋಗೋಕೆ ಜಾಗವೇ ಇಲ್ಲ. ಎತ್ತರದಿಂದ ಬಿಟ್ಟಾಗ ಕಮ್ಮಿ ಬಲದಲ್ಲೇ ಚೆಂಡು ಕಡಿದಾಗಿ ಇಳಿಯುತ್ತದೆ.

ಮೊದಲ ಸೀಸನ್‌ನಲ್ಲಿ ಅವರ ಗುರಿ ಹಿಡಿದ ಪ್ರಮಾಣ ಶೇಕಡಾ 30.5. ಈಗಿನವರು ಕೇಳಿದರೆ ಇಷ್ಟೇನಾ ಅನ್ನಬಹುದು. ಆಗ ಇಡೀ ಲೀಗಿನ ಸರಾಸರಿಯೇ 27.9. ಆ ವರ್ಷ ವಾರಿಯರ್ಸ್ ಶಿಕಾಗೋ ಸ್ಟ್ಯಾಗ್ಸನ್ನು ಸೋಲಿಸಿ ಲೀಗಿನ ಮೊದಲ ಚಾಂಪಿಯನ್ ಆಯಿತು, ಫೈನಲ್ ಸರಣಿಯ ಮೊದಲ ಪಂದ್ಯದಲ್ಲೇ ಫುಲ್ಕ್ಸ್ 37 ಹೊಡೆದಿದ್ದರು.

ನನಗೆ ತುಂಬ ಇಷ್ಟವಾದದ್ದು 1949ರ ಫೆಬ್ರವರಿ 10ರ ರಾತ್ರಿ. ಎದುರಾಳಿ ಇಂಡಿಯಾನಪೊಲಿಸ್ ಜೆಟ್ಸ್. ಫುಲ್ಕ್ಸ್ 56 ಸಲ ಎಸೆದರು, 27 ಒಳಗೆ ಬಿದ್ದವು, ಒಂದಕ್ಕೆ ಎರಡು ಪಾಯಿಂಟ್. ಫೌಲ್ ಆದಾಗ ಸಿಗುವ ಒಂದು ಪಾಯಿಂಟಿನ ಎಸೆತ, ಅಂದರೆ ಫ್ರೀ ಥ್ರೋ, 9 ಸೇರಿ ಒಟ್ಟು 63 ಪಾಯಿಂಟ್. ದೂರದಿಂದ ಹೊಡೆದರೆ ಮೂರು ಪಾಯಿಂಟ್ ಕೊಡುವ ಗೆರೆ ಇಲ್ಲ, 24 ಸೆಕೆಂಡಿನೊಳಗೆ ಚೆಂಡು ಎಸೆಯಲೇಬೇಕು ಅನ್ನುವ ಗಡಿಯಾರವೂ ಇಲ್ಲ, ಮುಂದಿದ್ದ ತಂಡ ಚೆಂಡು ಹಿಡಿದು ಸುಮ್ನೆ ಕಾಲ ಕಳೆಯಬಹುದಿತ್ತು. ಆ ಗಡಿಯಾರ ಬಂದದ್ದು 1954ರಲ್ಲಿ, ಫುಲ್ಕ್ಸ್ ಆಟ ಬಿಟ್ಟ ವರ್ಷವೇ. ಅದು ಬಂದ ಮೇಲೂ ಒಂದೇ ಪಂದ್ಯದಲ್ಲಿ 63 ಪಾಯಿಂಟಿನ ಅವರ ದಾಖಲೆ ಐದು ವರ್ಷ ಉಳಿಯಿತು. 1959ರಲ್ಲಿ ಎಲ್ಜಿನ್ ಬೇಲರ್ ಅದನ್ನು ಮುರಿದಾಗ ಹೊಡೆದದ್ದು 64.