ಬಾಡಿಗೆ ಬೇಕೋ, ಮನೆ ಬೇಕೋ?

ಕಳೆದ ಜೂನ್ ತಿಂಗಳಲ್ಲಿ, ಜೋರು ಮಳೆಯ ಒಂದು ಬೆಳಿಗ್ಗೆ, ನಿವೃತ್ತ ಟೀಚರ್ ಒಬ್ಬರು ಕಾಸರಗೋಡಿನ ವಿದ್ಯಾನಗರದಲ್ಲಿರುವ ನನ್ನ ಆಫೀಸಿಗೆ ಬಂದರು. ಕೊಡೆಯನ್ನು ಬಾಗಿಲ ಮೂಲೆಗೆ ಒರಗಿಸಿಟ್ಟು, ಚೀಲದಿಂದ ನೂರು ಪುಟದ ಒಂದು ಹಳೆಯ ಪುಸ್ತಕ ತೆಗೆದರು. ಅದು ಬಾಡಿಗೆಯ ಲೆಕ್ಕ. ಪ್ರತಿ ತಿಂಗಳ ಎದುರು 9,000 ಎಂದು ಬರೆದು ಸರಿ ಗುರುತು ಹಾಕಿದ್ದರು. ಜನವರಿಯಿಂದ ಮೇವರೆಗೆ ಬರೀ ಗೆರೆ.

"ಎಂತ ಮಾಡುವುದು ವಕೀಲರೇ? ಕೇಳಿದಾಗಲೆಲ್ಲ ಮುಂದಿನ ವಾರ ಅಂತಾರೆ. ಕರೆಂಟು ತೆಗೆಸಿಬಿಡು, ತಾನಾಗಿ ಹೋಗ್ತಾನೆ ಅಂತ ಮಂಗಳೂರಿನ ಭಾವ ಹೇಳಿದ್ರು."

"ಕರೆಂಟಿಗೆ ಕೈ ಹಾಕಬೇಡಿ ಟೀಚರೇ. ಮೊದಲು ಒಂದು ವಿಷಯ ಹೇಳಿ. ನಿಮಗೆ ಬಾಡಿಗೆ ಬೇಕೋ, ಮನೆ ಬೇಕೋ?"

ಬಾಡಿಗೆ ಬಾಕಿ ಎಂದು ಬರುವ ಎಲ್ಲರಿಗೂ ನಾನು ಕೇಳುವ ಮೊದಲ ಪ್ರಶ್ನೆ ಇದೇ. ಎರಡೂ ಒಂದೇ ಎಂದು ಜನ ತಿಳಿದಿದ್ದಾರೆ. ಕಾನೂನಿನಲ್ಲಿ ಎರಡಕ್ಕೂ ದಾರಿ ಬೇರೆ. ಇದು ಗೊತ್ತಿಲ್ಲದೆ ಕೇಸು ಹಾಕಿ, ವರ್ಷಗಟ್ಟಲೆ ಅಲೆದು, ಕೊನೆಗೆ ಬೇಕಾದ್ದು ಸಿಗದೆ ಬೇಸರಪಟ್ಟವರನ್ನು ತುಂಬಾ ನೋಡಿದ್ದೇನೆ.

ನಮ್ಮಲ್ಲಿ ಇನ್ನೊಂದು ಗೊಂದಲವೂ ಇದೆ. ನಮ್ಮ ಮಾತು ಕನ್ನಡ, ನೆಂಟರು ಪುತ್ತೂರು, ಮಂಗಳೂರಿನವರು. ಸಲಹೆಯೂ ಅಲ್ಲಿಂದಲೇ ಬರುತ್ತದೆ. ಆದರೆ ಕಟ್ಟಡ ಎಲ್ಲಿದೆಯೋ ಅಲ್ಲಿನ ಕಾನೂನು. 1956ರ ನವೆಂಬರ್ 1ರಿಂದ ನಾವು ಕೇರಳದಲ್ಲಿದ್ದೇವೆ. ಗಡಿಯ ತಲಪಾಡಿಯಿಂದ ಆಚೆ ಕರ್ನಾಟಕದ 1999ರ ಬಾಡಿಗೆ ಕಾಯ್ದೆ. ಈಚೆ 1965ರ ಕೇರಳ ಕಟ್ಟಡ ಗುತ್ತಿಗೆ ಮತ್ತು ಬಾಡಿಗೆ ನಿಯಂತ್ರಣ ಕಾಯ್ದೆ. ಭಾವ ಪ್ರೀತಿಯಿಂದಲೇ ಹೇಳಿರುತ್ತಾರೆ. ಆದರೆ ಕರೆಂಟು, ನೀರು ತೆಗೆಸುವುದು ಇಲ್ಲಿ ನಡೆಯುವುದಿಲ್ಲ. ಸರಿಯಾದ ಕಾರಣ ಇಲ್ಲದೆ ಅಂಥ ಸೌಕರ್ಯ ನಿಲ್ಲಿಸಬಾರದು ಎಂದು ನಮ್ಮ ಕಾಯ್ದೆಯ 13ನೇ ಕಲಮಿನಲ್ಲೇ ಇದೆ.

ಬೀಗ ಹಾಕುವುದಂತೂ ಇನ್ನೂ ಅಪಾಯ. ಒಬ್ಬ ಮಾಲೀಕರು, ತಮ್ಮ ಅಂಗಡಿಯ ಬಾಡಿಗೆದಾರ ಊರಿಗೆ ಹೋಗಿದ್ದಾಗ, ಶಟರಿಗೆ ತಮ್ಮ ಬೀಗ ಹಾಕಿದ್ದರು. ಏಳು ತಿಂಗಳ ಬಾಡಿಗೆ ಬರಬೇಕಿದ್ದವರು ಅವರು. ಆದರೆ ಮೊದಲು ಕೋರ್ಟಿಗೆ ಹೋದದ್ದು ಬಾಡಿಗೆದಾರ. ಕಾನೂನು ಪ್ರಕಾರ ಅಲ್ಲದೆ ಹೊರಗೆ ಹಾಕಿದರೆ ಆರು ತಿಂಗಳ ಒಳಗೆ ದಾವೆ ಹೂಡಿ ಸ್ವಾಧೀನ ವಾಪಸು ಕೇಳುವ ಹಕ್ಕು ಅವನಿಗಿದೆ. ಆ ದಾವೆಯಲ್ಲಿ ಮಾಲೀಕತ್ವ ಯಾರದ್ದು ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಬಾಕಿಯ ವಿಷಯ ಹಿಂದೆ ಬಿತ್ತು, ಬೀಗದ ವಿಷಯ ಮುಂದೆ ಬಂತು. ಅವರ ಮುಖ ನೆನಪಾದರೆ ಈಗಲೂ ಸಂಕಟವಾಗುತ್ತದೆ.

ಹಾಗಾದರೆ ಸರಿಯಾದ ದಾರಿ ಯಾವುದು? ನೋಟೀಸಿನಿಂದ ಶುರು ಮಾಡಬೇಕು. ಬಾಡಿಗೆ ಬಾಕಿ ಇದೆ ಎಂದು ರಿಜಿಸ್ಟರ್ಡ್ ನೋಟೀಸು ಕಳಿಸದೆ ನಮ್ಮ ಕಾಯ್ದೆಯ 11(2)ನೇ ಕಲಮಿನ ಕೆಳಗೆ, ಅಂದರೆ ಬಾಕಿಯ ಕಾರಣಕ್ಕೆ ಮನೆ ಬಿಡಿಸಲು, ಅರ್ಜಿಯೇ ಹಾಕಲಾಗದು. ವಾಟ್ಸಾಪಿನಲ್ಲಿ ನೂರು ಸಲ ಕೇಳಿದ್ದರೂ ಅದು ನೋಟೀಸು ಆಗುವುದಿಲ್ಲ. 2025ರಲ್ಲಿ ಅಂಚೆ ಇಲಾಖೆ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನ ಜೊತೆ ಸೇರಿಸಿದೆ. ಹಾಗಾಗಿ ಕೌಂಟರಿನಲ್ಲಿ ಸುಮ್ನೆ ಸ್ಪೀಡ್ ಪೋಸ್ಟ್ ಅನ್ನಬೇಡಿ. ರಿಜಿಸ್ಟ್ರೇಷನ್ ಬೇಕು, ತಲುಪಿದ್ದಕ್ಕೆ ರುಜುವಾತೂ ಬೇಕು ಎಂದು ಬಾಯಿಬಿಟ್ಟು ಕೇಳಿ. ಆ ಚೀಟಿಯನ್ನು ಜೋಪಾನವಾಗಿ ಇಡಿ.

ನೋಟೀಸು ಕೈಸೇರಿದ ದಿನದಿಂದ, ಅಥವಾ ಬೇಡ ಎಂದು ಹಿಂದಿರುಗಿಸಿದ ದಿನದಿಂದ, ಬಾಡಿಗೆದಾರನಿಗೆ 15 ದಿನ ಸಮಯ. ಅಷ್ಟರೊಳಗೆ ಅವನು ಬಾಕಿ, ಅದಕ್ಕೆ ವರ್ಷಕ್ಕೆ ನೂರಕ್ಕೆ 6ರಂತೆ ಬಡ್ಡಿ, ನೋಟೀಸಿನ ಅಂಚೆ ಖರ್ಚು ಕೊಡಬೇಕು. ಟೀಚರ ಲೆಕ್ಕ ಮೇಜಿನ ಮೇಲೇ ಹಾಕಿದೆವು. 9,000ಕ್ಕೆ ತಿಂಗಳ ಬಡ್ಡಿ 45 ರೂಪಾಯಿ. ಅವರ ಕರಾರಿನ ಪ್ರಕಾರ ಆಯಾ ತಿಂಗಳ ಬಾಡಿಗೆ 5ನೇ ತಾರೀಕಿಗೆ ಬರಬೇಕು. ಜೂನ್ 5ಕ್ಕೆ ಜನವರಿಯದ್ದು ಐದು ತಿಂಗಳು ಹಳತು, ಮೇ ತಿಂಗಳದ್ದು ಒಂದು ತಿಂಗಳು. ಒಟ್ಟು ಬಡ್ಡಿ 675. ಬಾಕಿ ಸೇರಿ 45,675. ಟೀಚರ್ ಅದನ್ನು ಇನ್ನೊಮ್ಮೆ ಕೂಡಿಸಿ ನೋಡಿಯೇ ಒಪ್ಪಿದ್ದು. ನನಗೆ ಅದು ತುಂಬಾ ಇಷ್ಟವಾಯಿತು. ನೋಟೀಸಿನಲ್ಲಿ ಸಿಟ್ಟಿಗೆ ಜಾಸ್ತಿ ಮೊತ್ತ ಬರೆಸುವವರಿದ್ದಾರೆ. ಹಾಗೆ ಮಾಡಿದರೆ ಎದುರು ವಕೀಲರು ಮೊದಲು ಹಿಡಿಯುವುದೇ ಅದನ್ನು. ಕೈಯಲ್ಲಿರುವ ಅಡ್ವಾನ್ಸ್ ಎಷ್ಟು ಎಂಬುದನ್ನೂ ಮುಚ್ಚಿಡಬೇಡಿ. ನೋಟೀಸು ಅವನಿಗೆ ಓದಲು ಬರುವ ಭಾಷೆಯಲ್ಲಿ ಇರಲಿ. ಟೀಚರ ಬಾಡಿಗೆದಾರರದ್ದು ಕನ್ನಡದ ಮನೆ, ನಾನು ಕನ್ನಡದಲ್ಲೇ ಬರೆದೆ.

15 ದಿನ ಕಳೆದರೂ ಹಣ ಬರದಿದ್ದರೆ ರೆಂಟ್ ಕಂಟ್ರೋಲ್ ಕೋರ್ಟಿಗೆ ಅರ್ಜಿ. ಅಲ್ಲಿ 12ನೇ ಕಲಮು ಮಾಲೀಕರಿಗೆ ದೊಡ್ಡ ಬಲ. ತಾನು ಒಪ್ಪಿಕೊಂಡ ಬಾಕಿಯನ್ನು ಕಟ್ಟದೆ, ಮುಂದಿನ ಬಾಡಿಗೆಯನ್ನೂ ಕಟ್ಟುತ್ತಾ ಹೋಗದೆ ಬಾಡಿಗೆದಾರ ಕೇಸು ನಡೆಸುವ ಹಾಗಿಲ್ಲ. ಕೋರ್ಟು ಕೊಟ್ಟ ಸಮಯದಲ್ಲಿ ಕಟ್ಟದಿದ್ದರೆ, ಸಾಕಷ್ಟು ಕಾರಣವನ್ನೂ ತೋರಿಸದಿದ್ದರೆ, ವಿಚಾರಣೆ ಅಲ್ಲಿಗೇ ನಿಲ್ಲುತ್ತದೆ, ಮನೆ ಬಿಟ್ಟುಕೊಡಲು ಆದೇಶ ಆಗುತ್ತದೆ. ಗಮನಿಸಿ, ಇದು 'ಒಪ್ಪಿಕೊಂಡ' ಬಾಕಿ. ಬಾಡಿಗೆ 9,000 ಅಲ್ಲ, 5,000 ಎಂದು ಅವನು ಹೇಳಿಬಿಟ್ಟರೆ? ಬಾಡಿಗೆ ಏರಿಸಿದ್ದು ಬರೀ ಬಾಯಿಮಾತಿನಲ್ಲಿ ಇದ್ದರೆ ನಿಮ್ಮ ಬಲ ಅಲ್ಲೇ ಅರ್ಧ ಆಗುತ್ತದೆ. ಅದಕ್ಕೇ ಪ್ರತಿ ಸಲ ಬಾಡಿಗೆ ಏರಿಸುವಾಗ ಕರಾರು ಹೊಸತು ಮಾಡಿ ಎಂದು ನಾನು ಕಾಡುವುದು. ಅಪ್ಪ ತೀರಿಕೊಂಡು ಮಕ್ಕಳಿಗೆ ಪಾಲಾದ ಕಟ್ಟಡವಾದರೆ, ಇನ್ನು ಬಾಡಿಗೆ ಯಾರಿಗೆ ಕೊಡಬೇಕು ಎಂದು ಬರೆದು ತಿಳಿಸಿ. ಬಾಡಿಗೆ ತೆಗೆದುಕೊಂಡರೆ ರಶೀದಿ ಕೊಡಿ. ರಶೀದಿ ಕೊಟ್ಟರೆ ಬಾಡಿಗೆದಾರನಿಗೆ ಮಾತ್ರ ಲಾಭ ಎಂದು ಎಷ್ಟೋ ಜನ ಹೆದರುತ್ತಾರೆ. ನಾನು ನಡೆಸಿದ ಕೇಸುಗಳಲ್ಲಿ ಬಾಡಿಗೆಯ ದರ ಎಷ್ಟು ಎಂದು ತೋರಿಸಿ ಮಾಲೀಕರನ್ನು ಕಾಪಾಡಿದ್ದು ಹೆಚ್ಚಾಗಿ ಅದೇ ರಶೀದಿಯ ಕಾರ್ಬನ್ ಪ್ರತಿ.

ಈಗ ಮೊದಲ ಪ್ರಶ್ನೆಗೆ ಬರುತ್ತೇನೆ. ಬಾಕಿಯ ಕಾರಣಕ್ಕೆ ಮನೆ ಬಿಡಿಸುವ ಆದೇಶ ಬಂತು ಅಂತಿಟ್ಟುಕೊಳ್ಳಿ. ಅದನ್ನು ಒಂದು ತಿಂಗಳ ತನಕ ಜಾರಿ ಮಾಡುವಂತಿಲ್ಲ. ಕೋರ್ಟು ಇನ್ನೂ ಸ್ವಲ್ಪ ಸಮಯ ಕೊಡಲೂಬಹುದು. ಅಷ್ಟರೊಳಗೆ ಬಾಕಿ, ಬಡ್ಡಿ, ಕೇಸಿನ ಖರ್ಚು ಎಲ್ಲ ಕಟ್ಟಿದರೆ ಆದೇಶ ರದ್ದಾಗುತ್ತದೆ. ಅವನು ಅದೇ ಮನೆಯಲ್ಲಿ ಮುಂದುವರಿಯುತ್ತಾನೆ. ಅಂದರೆ ಈ ದಾರಿ ನಿಮ್ಮ ಹಣ ತಂದುಕೊಡುವ ದಾರಿ. ಮನೆಯೇ ಬೇಕಾದರೆ ಬೇರೆ ಕಾರಣ ಇರಬೇಕು. ನಿಮಗೋ ನಿಮ್ಮನ್ನು ನಂಬಿಕೊಂಡ ಮನೆಯವರಿಗೋ ನಿಜವಾಗಿ ಆ ಕಟ್ಟಡ ಬೇಕು ಎಂಬುದು ಒಂದು ಕಾರಣ. ನಿಮ್ಮ ಒಪ್ಪಿಗೆ ಇಲ್ಲದೆ ಅವನು ಇನ್ನೊಬ್ಬರಿಗೆ ಒಳಬಾಡಿಗೆಗೆ ಕೊಟ್ಟಿದ್ದಾನೆ, ಕಾರಣವಿಲ್ಲದೆ ಆರು ತಿಂಗಳು ಸತತ ಮುಚ್ಚಿಟ್ಟಿದ್ದಾನೆ, ಇವೂ ಆಗುತ್ತವೆ. ಸ್ವಂತಕ್ಕೆ ಬೇಕು ಎನ್ನುವುದನ್ನು ಸುಳ್ಳೇ ಸೇರಿಸಬೇಡಿ. ಅದೇ ಊರಲ್ಲಿ ನಿಮ್ಮದೇ ಇನ್ನೊಂದು ಕಟ್ಟಡ ಖಾಲಿ ಬಿದ್ದಿದ್ದರೆ ಮೊದಲ ಪ್ರಶ್ನೆ ಅದರ ಬಗ್ಗೆಯೇ ಬರುತ್ತದೆ. ಅಂಗಡಿಯಾದರೆ, ಬಾಡಿಗೆದಾರನ ಹೊಟ್ಟೆಪಾಡು ಮುಖ್ಯವಾಗಿ ಅದರಲ್ಲೇ ಇದೆಯಾ, ಹತ್ತಿರ ಬೇರೆ ಜಾಗ ಸಿಗುತ್ತದಾ ಎಂದೂ ಕೋರ್ಟು ನೋಡುತ್ತದೆ.

ಎಲ್ಲ ಪಂಚಾಯತುಗಳಿಗೂ ಈ ಕಾಯ್ದೆ ತನ್ನಿಂದ ತಾನೇ ಅನ್ವಯ ಆಗುವುದಿಲ್ಲ. ಸರಕಾರ ಅಧಿಸೂಚನೆ ಹೊರಡಿಸಿದ ಜಾಗಗಳಿಗೆ ಮಾತ್ರ. ಇಲ್ಲದ ಕಡೆ ತಿಂಗಳ ಬಾಡಿಗೆಯಾದರೆ 15 ದಿನದ ನೋಟೀಸು ಕೊಟ್ಟು ಬಾಡಿಗೆ ಕರಾರು ಮುಗಿಸಿ, ಸಿವಿಲ್ ದಾವೆ ಹಾಕಬೇಕು. ಬಾಕಿ ಕೇಳಲು ಮೂರು ವರ್ಷದ ಗಡುವು ಇದೆ, ಪಾಪ ಎಂದು ಸುಮ್ಮನಿದ್ದವರು ಇದನ್ನು ಮರೆಯಬಾರದು.

ಟೀಚರ್ ನನ್ನ ಪ್ರಶ್ನೆಗೆ ಕೂಡಲೇ ಉತ್ತರ ಹೇಳಲಿಲ್ಲ. ಪುಸ್ತಕದ ಆ ಗೆರೆಗಳ ಮೇಲೆ ಬೆರಳಾಡಿಸುತ್ತಾ ಕೂತರು.

"ಹೆದ್ದಾರಿ ಅಗಲ ಮಾಡುವಾಗ ಅವರ ಅಂಗಡಿ ಹೋಯ್ತು. ಮಕ್ಕಳು ನನ್ನ ಶಾಲೆಗೇ ಬಂದವರು. ಮನೆ ಖಾಲಿ ಮಾಡಿಸಿ ನನಗೆಂತಕ್ಕೆ? ಮದ್ದಿನ ಖರ್ಚು ಇದರಲ್ಲೇ ಹೋಗಬೇಕಲ್ಲ, ಬಾಡಿಗೆ ಬಂದ್ರೆ ಸಾಕು."

ಹಾಗಾಗಿ ಬಾಕಿಗೆ ಮಾತ್ರ ನೋಟೀಸು ಕಳಿಸಿದೆವು. ಒಂದು ಬಿರುಸಿನ ಮಾತೂ ಇಲ್ಲದ ಒಂದೂವರೆ ಪುಟ. ಅದು ತಲುಪಿದ ಹನ್ನೆರಡನೇ ದಿನ ಸಂಜೆ ಅವರ ಫೋನು ಬಂತು. ಬಾಡಿಗೆದಾರ ಮೂರು ತಿಂಗಳದ್ದು ತಂದಿದ್ದಾರೆ, ಉಳಿದದ್ದಕ್ಕೆ ಎರಡು ಕಂತು ಕೇಳುತ್ತಿದ್ದಾರೆ, ತೆಗೆದುಕೊಳ್ಳಬಹುದಾ ಎಂದು ಕೇಳಿದರು. ಬಂದ ಹಣ ಬಾಕಿಯ ಲೆಕ್ಕಕ್ಕೆ ಎಂದು ಬರೆದು, ಎರಡೂ ಕಂತಿನ ತಾರೀಕು ನಮೂದಿಸಿ, ಇಬ್ಬರೂ ಸಹಿ ಮಾಡಿ ಎಂದೆ.

"ಬರೆದು ಕೊಡಬೇಕಲ್ವಾ?" ಎಂದು ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ, "ಈ ರಶೀದಿ ಪುಸ್ತಕ ಎಲ್ಲಿ ಸಿಗ್ತದೆ ವಕೀಲರೇ?" ಎಂದು ಕೇಳಿದರು.