ಫೈಲ್ ಎಲ್ಲಿ ಕೂತಿದೆ, ನೋಡಿ

ಕೆಲಸ ಎಲ್ಲಿ ತಡವಾಗುತ್ತಿದೆ ನೋಡಿ ಅಂತ ಯಾವ ಸಂಸ್ಥೆಯವರು ಕರೆದರೂ ನಾನು ಮೊದಲು ಮಾಡುವುದು ಒಂದೇ ಕೆಲಸ. ಒಂದು ಫೈಲಿಗೆ ಚೀಟಿ ಪಿನ್ ಮಾಡಿ ಬಿಡುತ್ತೇನೆ. ಚೀಟಿಯಲ್ಲಿ ಮೂರು ಕಾಲಂ: ಮೇಜಿಗೆ ಬಂದ ಹೊತ್ತು, ಕೈಗೆತ್ತಿಕೊಂಡ ಹೊತ್ತು, ಮುಂದೆ ಕಳಿಸಿದ ಹೊತ್ತು. ಫೈಲ್ ಯಾರ ಹತ್ತಿರ ಹೋಗುತ್ತದೋ ಅವರು ಬರೆದು ಮುಂದೆ ಕಳಿಸಬೇಕು, ಅಷ್ಟೇ.

ಹೀಗೆ ಒಮ್ಮೆ ಒಂದು ಖರೀದಿ ಮನವಿಗೆ ಚೀಟಿ ಹಚ್ಚಿದೆ. ಯಂತ್ರವೊಂದರ ಬಿಡಿಭಾಗ ತರಿಸಬೇಕಿತ್ತು. ದೊಡ್ಡ ಮೊತ್ತವಲ್ಲ, ತಕರಾರಿನ ವಿಷಯವೂ ಅಲ್ಲ. ಮನವಿ ಬರೆದ ದಿನದಿಂದ ಆರ್ಡರ್ ಹೋಗುವ ಹೊತ್ತಿಗೆ 19 ದಿನ ಕಳೆದಿತ್ತು. ವಾಪಸ್ ಬಂದ ಚೀಟಿ ಹಿಡಿದು ಲೆಕ್ಕ ಹಾಕಿದೆ. ಆರು ಮೇಜುಗಳಲ್ಲಿ ಅದನ್ನು ಓದಿ, ದರ ನೋಡಿ, ಸಹಿ ಮಾಡಿದ ಹೊತ್ತೆಲ್ಲ ಸೇರಿ 50 ನಿಮಿಷವೂ ಇಲ್ಲ. ಉಳಿದ ಅಷ್ಟೂ ದಿನ ಫೈಲ್ ಸುಮ್ನೆ ಕೂತಿತ್ತು.

ಆ ಆರು ಜನರಲ್ಲಿ ಒಬ್ಬರೂ ಸೋಮಾರಿಗಳಾಗಿರಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಯಾಕೆಂದರೆ ಚೀಟಿ ನೋಡಿದ ತಕ್ಷಣ ಮೇಲಿನವರು ಕೇಳುವುದು "ಯಾರು ತಡ ಮಾಡಿದ್ದು?" ಅಂತ. ಯಾರಿಗೂ ತಲೆ ಕೆರೆದುಕೊಳ್ಳಲೂ ಪುರುಸೊತ್ತು ಇರಲಿಲ್ಲ. ಜನ ಓಡುತ್ತಿದ್ದರು, ಕೆಲಸ ನಿಂತಿತ್ತು. ಈ ಎರಡನ್ನೂ ಬೇರೆ ಬೇರೆಯಾಗಿ ನೋಡಲು ಕಲಿತರೆ ಲೀನ್ ಚಿಂತನೆಯ, ಅಂದರೆ ಕೆಲಸದ ಹರಿವಿನಲ್ಲಿ ವ್ಯರ್ಥವಾಗುವುದನ್ನು ಹುಡುಕಿ ಕಳೆಯುವ ವಿಧಾನದ, ಮುಕ್ಕಾಲು ಪಾಲು ಕಲಿತ ಹಾಗೆ.

ಈ ಹೆಸರೇ ಒಂದಿಷ್ಟು ದಾರಿ ತಪ್ಪಿಸುತ್ತದೆ. 1988ರಲ್ಲಿ ಜಾನ್ ಕ್ರಾಫ್‌ಸಿಕ್ ಎಂಬುವರು ಟೊಯೋಟಾದ ಉತ್ಪಾದನಾ ಪದ್ಧತಿಯ ಬಗ್ಗೆ ಲೇಖನ ಬರೆಯುವಾಗ 'ಲೀನ್' ಅಂದರು. ತೆಳ್ಳಗಿನದು, ಕೊಬ್ಬಿಲ್ಲದ್ದು ಅಂತ ಅರ್ಥ. ಎಷ್ಟೋ ಕಡೆ ಇದನ್ನು 'ಜನರನ್ನು ಕಡಿಮೆ ಮಾಡಿ' ಅಂತ ಓದಿಕೊಂಡರು. ಹತ್ತು ಜನರ ಕೆಲಸ ಏಳು ಜನರ ತಲೆಗೆ ಕಟ್ಟಿದರು. ಇದರಿಂದ ಲೀನ್ ಅಂದರೇನೇ ನೌಕರರು ಹೆದರುವ ಹಾಗಾಗಿದೆ. ನನಗೆ ನಿಜಕ್ಕೂ ನೋವು ಕೊಡುವ ಸಂಗತಿ ಇದು.

ಜನರನ್ನು ಪೂರ್ತಿ ತುಂಬಿಬಿಟ್ಟರೆ ಏನಾಗುತ್ತದೆ ಅಂತ ಒಂದು ಸಣ್ಣ ಲೆಕ್ಕದಲ್ಲಿ ನೋಡೋಣ. ಒಂದು ಮೇಜಿನಲ್ಲಿ ಒಬ್ಬರು ಕೂತಿದ್ದಾರೆ. ಒಂದು ಕಾಗದಕ್ಕೆ ಸರಾಸರಿ 10 ನಿಮಿಷ ಬೇಕು. ಕಾಗದಗಳು ಅಳತೆ ಮಾಡಿದ ಹಾಗೆ ಬರುವುದಿಲ್ಲ, ಒಮ್ಮೆ ಮೂರು ಒಟ್ಟಿಗೆ ಬರುತ್ತವೆ, ಒಮ್ಮೆ ಅರ್ಧ ಗಂಟೆ ಒಂದೂ ಇಲ್ಲ. ಕೆಲವು ಬೇಗ ಮುಗಿಯುತ್ತವೆ, ಕೆಲವು ಎಳೆಯುತ್ತವೆ. ಇಂಥ ಮೇಜಿನವರು ದಿನದ ಶೇ. 80ರಷ್ಟು ಹೊತ್ತು ಕೆಲಸದಲ್ಲಿದ್ದರೆ, ಸರತಿ ಸಾಲಿನ ಸರಳ ಗಣಿತದ ಪ್ರಕಾರ ಹೊಸ ಕಾಗದ ಸರಾಸರಿ 40 ನಿಮಿಷ ಕಾಯಬೇಕು. ಶೇ. 90 ಆದರೆ 90 ನಿಮಿಷ. ಶೇ. 95 ಆದರೆ 190 ನಿಮಿಷ, ಅಂದರೆ ಮೂರು ಗಂಟೆಗೂ ಜಾಸ್ತಿ. ಕೊನೆಯ ಆ ಐದು ಪಾಲಿನ ಬಿಡುವನ್ನು ಹಿಂಡಿ ತೆಗೆದದ್ದಕ್ಕೆ ಕಾಯುವ ಹೊತ್ತು ಎರಡು ಪಟ್ಟು ಮೀರಿತು! "ನಮ್ಮಲ್ಲಿ ಯಾರೂ ಒಂದು ನಿಮಿಷ ಖಾಲಿ ಕೂರಲ್ಲ" ಅಂತ ಹೆಮ್ಮೆಯಿಂದ ಹೇಳುವ ಮ್ಯಾನೇಜರ್‌ಗಳಿಗೆ ನಾನು ಈ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸುತ್ತೇನೆ.

ಇನ್ನೊಂದು ಲೆಕ್ಕ ಇದಕ್ಕಿಂತ ಸುಲಭ. ಅದನ್ನು 1961ರಲ್ಲಿ ಜಾನ್ ಲಿಟಲ್ ಗಣಿತದಲ್ಲಿ ಸಾಧಿಸಿ ತೋರಿಸಿದರು. ನಿಮ್ಮ ವಿಭಾಗದಲ್ಲಿ ಈಗ ಬಾಕಿ ಇರುವ ಫೈಲ್ 60, ದಿನಕ್ಕೆ ಮುಗಿಯುವುದು 5 ಅಂತಿಟ್ಟುಕೊಳ್ಳಿ. ಹಾಗಾದರೆ ಒಂದು ಫೈಲ್ ಹೊರಬರಲು ಸರಾಸರಿ 12 ದಿನ. "ಅರ್ಜೆಂಟ್" ಅಂತ ಕೆಂಪು ಇಂಕಿನಲ್ಲಿ ಬರೆದರೆ ಅದೊಂದು ಮುಂದೆ ಹೋಗುತ್ತದೆ, ಬೇರೆ ಯಾವುದೋ ಹಿಂದೆ ಬೀಳುತ್ತದೆ. ಸರಾಸರಿ ಅಲ್ಲಾಡುವುದಿಲ್ಲ. ಬಾಕಿಯನ್ನು 30ಕ್ಕೆ ಇಳಿಸಿ ಅಲ್ಲೇ ಹಿಡಿದಿಟ್ಟರೆ, ಕೈಯ ವೇಗ ಒಂದಿಷ್ಟೂ ಹೆಚ್ಚದೆ ಆರು ದಿನಕ್ಕೆ ಬರುತ್ತದೆ.

ಕಟ್ಟು ಕಟ್ಟಿ ಕಳಿಸುವ ಅಭ್ಯಾಸದ ಕಥೆಯೂ ಹೀಗೇ. ಹತ್ತು ಕಾಗದ, ಮೂರು ಮೇಜು, ಒಂದೊಂದು ಮೇಜಿನಲ್ಲಿ ಕಾಗದಕ್ಕೆ ಎರಡು ನಿಮಿಷ. ಹತ್ತೂ ಮುಗಿದ ಮೇಲೆ ಕಟ್ಟಾಗಿ ಮುಂದೆ ಕಳಿಸಿದರೆ ಎಲ್ಲ ಮುಗಿಯಲು 60 ನಿಮಿಷ. ಒಂದೊಂದೇ ಮುಗಿದ ಹಾಗೆ ದಾಟಿಸಿದರೆ ಮೊದಲನೆಯದು 6 ನಿಮಿಷಕ್ಕೆ ಹೊರಗೆ, ಹತ್ತನೆಯದು 24 ನಿಮಿಷಕ್ಕೆ. ನಂಬಿಕೆ ಬರದಿದ್ದರೆ ಮೂರು ಜನ ಕೂತು ಹತ್ತು ನಾಣ್ಯ ಇಟ್ಟುಕೊಂಡು ಮಾಡಿ ನೋಡಿ. ತರಬೇತಿಯಲ್ಲಿ ನಾನು ಇದನ್ನೇ ಮಾಡಿಸುವುದು. ನಾನು ಚೀಟಿ ಹಚ್ಚಿದ ಆ ಫೈಲ್ ಕಳೆದುಕೊಂಡ 19 ದಿನದಲ್ಲಿ ಐದು ದಿನ ಹೋದದ್ದು ಬರೀ ಇದರಿಂದ. ಒಬ್ಬ ಅಧಿಕಾರಿ ವಾರಕ್ಕೊಮ್ಮೆ, ಶುಕ್ರವಾರ ಮಧ್ಯಾಹ್ನ ಕೂತು ಎಲ್ಲಕ್ಕೂ ಸಹಿ ಹಾಕುತ್ತಿದ್ದರು. ಅವರ ಪಾಲಿಗೆ ಅದು ಅಚ್ಚುಕಟ್ಟು. ಫೈಲ್ ಶನಿವಾರ ಬಂದರೆ ಮುಂದಿನ ಶುಕ್ರವಾರದ ತನಕ ಕಾಯಬೇಕು.

ದಂಡ ಕೆಲಸಕ್ಕೆ ಜಪಾನಿ ಭಾಷೆಯಲ್ಲಿ 'ಮುದಾ' ಅನ್ನುತ್ತಾರೆ. ಟೊಯೋಟಾದ ತೈಚಿ ಓನೊ ಇದನ್ನು ಏಳು ಬಗೆಯಾಗಿ ವಿಂಗಡಿಸಿದರು: ಬೇಕಿದ್ದಕ್ಕಿಂತ ಹೆಚ್ಚು ಮಾಡುವುದು, ಕಾಯುವುದು, ಸುಮ್ಮನೆ ಸಾಗಿಸುವುದು, ಅಗತ್ಯ ಮೀರಿ ತಿದ್ದಿ ತೀಡುವುದು, ದಾಸ್ತಾನು, ವೃಥಾ ಓಡಾಟ, ದೋಷ. ಇವುಗಳಲ್ಲಿ ಮೊದಲನೆಯದೇ ಎಲ್ಲಕ್ಕಿಂತ ಕೆಟ್ಟದ್ದು ಅಂತ ಅವರ ಅಭಿಪ್ರಾಯ, ಮಿಕ್ಕವೆಲ್ಲ ಅದರ ಹೊಟ್ಟೆಯಲ್ಲಿ ಹುಟ್ಟುತ್ತವೆ. ಪಟ್ಟಿಯನ್ನು ಬಾಯಿಪಾಠ ಮಾಡಿಸುವುದರಲ್ಲಿ ನನಗೆ ಆಸಕ್ತಿ ಇಲ್ಲ. ಯಾರೂ ಓದದ ವಾರದ ವರದಿಯೊಂದು ನಿಮ್ಮಲ್ಲೂ ಇರುತ್ತದೆ ಅಲ್ವಾ? ಅದನ್ನು ಎರಡು ವಾರ ಕಳಿಸದೆ ಇದ್ದು ನೋಡಿ. ಯಾರೂ ಕೇಳದಿದ್ದರೆ ನಿಲ್ಲಿಸಿ.

ದೋಷದ ವಿಷಯಕ್ಕೆ ಮಾತ್ರ ಸ್ವಲ್ಪ ನಿಲ್ಲಬೇಕು. ಟೊಯೋಟಾ ಕಾರು ಮಾಡುವುದಕ್ಕೂ ಮೊದಲು ಆ ಕಂಪನಿ ಕಟ್ಟಿದ ಟೊಯೋಡಾ ಕುಟುಂಬ ಮಗ್ಗ ಮಾಡುತ್ತಿತ್ತು. ಸಾಕಿಚಿ ಟೊಯೋಡಾ ರೂಪಿಸಿದ ಮಗ್ಗ ಒಂದು ನೂಲು ತುಂಡಾದರೂ ತಾನಾಗಿ ನಿಲ್ಲುತ್ತಿತ್ತು. ಕೆಟ್ಟ ಬಟ್ಟೆ ಮಾರುಗಟ್ಟಲೆ ನೇಯ್ದು ಆಮೇಲೆ ಬಿಸಾಡುವ ಪ್ರಮೇಯವೇ ಇಲ್ಲ. ಅದೇ ವಿಚಾರ ಮುಂದೆ ಕಾರಿನ ಕಾರ್ಖಾನೆಗೂ ಬಂತು. ಕೆಲಸಗಾರನ ತಲೆಯ ಮೇಲೊಂದು ಹಗ್ಗ. ಏನೋ ಸರಿಯಿಲ್ಲ ಅನ್ನಿಸಿದರೆ ಅದನ್ನು ಎಳೆಯಬಹುದು. ತಂಡದ ಮುಖ್ಯಸ್ಥ ಕೂಡಲೇ ಬರುತ್ತಾನೆ, ಅಷ್ಟರಲ್ಲಿ ಸರಿಹೋಗದಿದ್ದರೆ ಲೈನ್ ನಿಲ್ಲುತ್ತದೆ. ಎಳೆದವನನ್ನು ಯಾರೂ ಬೈಯುವುದಿಲ್ಲ.

ಅಮೆರಿಕದ ಫ್ರೀಮಾಂಟ್‌ನಲ್ಲಿ ಜನರಲ್ ಮೋಟಾರ್ಸ್ 1982ರಲ್ಲಿ ಒಂದು ಕಾರ್ಖಾನೆ ಮುಚ್ಚಿತು. ಕೆಲಸಗಾರರ ಬಗ್ಗೆ ಅಲ್ಲಿ ಕೆಟ್ಟ ಹೆಸರಿತ್ತು. 1984ರಲ್ಲಿ ಟೊಯೋಟಾ ಜತೆ ಸೇರಿ ಅದನ್ನೇ ಮತ್ತೆ ತೆರೆದರು. ಕೆಲಸಕ್ಕೆ ತೆಗೆದುಕೊಂಡವರಲ್ಲಿ ಬಹುಪಾಲು ಅದೇ ಹಳಬರು. ಒಂದೆರಡು ವರ್ಷಗಳಲ್ಲೇ ಅಲ್ಲಿನ ಕಾರುಗಳ ಗುಣಮಟ್ಟ ಜನರಲ್ ಮೋಟಾರ್ಸ್‌ನ ಬೇರೆ ಕಾರ್ಖಾನೆಗಳನ್ನು ಹಿಂದೆ ಹಾಕಿತು. "ನಮ್ಮ ಜನ ಸರಿ ಇಲ್ಲ" ಅಂತ ಯಾರಾದರೂ ಅಂದಾಗ ನನಗೆ ಫ್ರೀಮಾಂಟ್ ನೆನಪಾಗುತ್ತದೆ.

ದಾಸ್ತಾನೇ ಇರಬಾರದು ಅನ್ನುವುದೂ ತಪ್ಪು ತಿಳಿವಳಿಕೆ. ಜಪಾನಿನ 2011ರ ಭೂಕಂಪ, ಸುನಾಮಿಯಲ್ಲಿ ಪೆಟ್ಟು ತಿಂದ ಮೇಲೆ ಟೊಯೋಟಾ ಕಂಪನಿಯೇ ಚಿಪ್‌ಗಳನ್ನು ಕೆಲವು ತಿಂಗಳಿಗೆ ಆಗುವಷ್ಟು ಪೂರೈಕೆದಾರರ ಹತ್ತಿರ ಇರಿಸತೊಡಗಿತು. 2021ರಲ್ಲಿ ಎಲ್ಲೆಡೆ ಚಿಪ್ ಅಭಾವ ಕಾಡಿದಾಗ ಅದು ಬೇರೆಯವರಿಗಿಂತ ಹೆಚ್ಚು ದಿನ ತಡೆದುಕೊಂಡಿತು. ಯಾಕೆ ಇಟ್ಟಿದ್ದೇವೆ ಅಂತ ಗೊತ್ತಿದ್ದು ಇಟ್ಟ ದಾಸ್ತಾನು ಬೇರೆ, ಯಾರಿಗೂ ಗೊತ್ತಿಲ್ಲದೆ ಬೆಳೆದ ರಾಶಿ ಬೇರೆ.

ಮತ್ತೆ ಆ ಖರೀದಿ ಫೈಲಿಗೆ ಬರುತ್ತೇನೆ. ಅದು ಎರಡು ಸಲ ವಾಪಸ್ ಹೋಗಿತ್ತು, ಎರಡು ಸಲವೂ ಒಂದೇ ಕಾರಣಕ್ಕೆ. ಹಳೆಯ ಭಾಗದ ನಂಬರ್ ಬರೆದಿರಲಿಲ್ಲ. ಯಾಕೆ ಬರೆದಿಲ್ಲ ಅಂತ ಫಾರಂ ನೋಡಿದರೆ ಆ ನಂಬರಿಗೆ ಜಾಗವೇ ಇರಲಿಲ್ಲ. ಅಲ್ಲಿನ ಗುಮಾಸ್ತೆಗೆ ಇದು ಮೊದಲಿಂದಲೂ ಗೊತ್ತು. "ಹೇಳಬಹುದಿತ್ತಲ್ಲಮ್ಮ" ಅಂದೆ. "ಯಾರೂ ಕೇಳಲಿಲ್ಲ ಸರ್" ಅಂದರು. ಆ ಸಂಜೆಯೇ ಫಾರಂನಲ್ಲಿ ಒಂದು ಗೆರೆ ಸೇರಿತು. ಶುಕ್ರವಾರದ ಸಹಿಯನ್ನು ದಿನಾ ಬೆಳಿಗ್ಗೆ 15 ನಿಮಿಷಕ್ಕೆ ಬದಲಿಸಿದರು. ಆರು ಮೇಜಿನಲ್ಲಿ ಎರಡು ಬರೀ ನೋಡಿ ದಾಟಿಸುತ್ತಿದ್ದವು, ಅವನ್ನು ಸಣ್ಣ ಮೊತ್ತದ ಖರೀದಿಯಿಂದ ಬಿಟ್ಟರು.

ಮೂರು ತಿಂಗಳ ನಂತರ ಹೋದಾಗ ಅದೇ ಗುಮಾಸ್ತೆಯ ಮೇಜಿನ ಮೇಲೆ ಹಳೆಯ ದೊಡ್ಡ ಟ್ರೇ ಇರಲಿಲ್ಲ. ಅದರ ಬದಲು ರಟ್ಟಿನಲ್ಲಿ ತಾವೇ ಮಾಡಿಕೊಂಡ ಮೂರು ಗೂಡು, ಒಂದರಲ್ಲಿ ಒಂದೇ ಫೈಲ್ ಹಿಡಿಯುವಷ್ಟು ಕಿರಿದು. ನಾಲ್ಕನೆಯದು ಬಂದರೆ ಏನು ಮಾಡ್ತೀರಿ ಅಂತ ಕೇಳಿದೆ.

"ಇಡೋಕೆ ಜಾಗ ಇಲ್ವಲ್ಲ ಸರ್. ಎದ್ದು ಹೋಗಿ, ಮುಂದಿನವರು ಯಾಕೆ ತಗೊಳ್ತಿಲ್ಲ ಅಂತ ಕೇಳ್ತೀನಿ."